ಮಗುವಿನ ಕಿವಿ, ತಾಯಿಯ ಮೇಲಿನ ಮಾತು

ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಎಳೆಯ ದಂಪತಿಗಳು ಬರುವ ತಿಂಗಳು ಕೆನಡಾ ದೇಶಕ್ಕೆ ಹೊರಡುವವರಿದ್ದಾರೆ. ಅವರ ಒಂದೂವರೆ ವರ್ಷದ ಗಂಡುಮಗುವಿಗೆ ಈ ಚಳಿಗಾಲವೆಲ್ಲ ನೆಗಡಿಯ ಬೆನ್ನಿಗೆ ಕಿವಿನೋವು, ಕಿವಿನೋವಿನ ಬೆನ್ನಿಗೆ ಜ್ವರ. ಒಂದು ಸಲ ಎಡಗಿವಿ ಸೋರಿದ್ದೂ ಉಂಟು. ಮೊನ್ನೆ ದೀಪ ಹಚ್ಚುವ ಹೊತ್ತಿನಲ್ಲಿ ಆ ತಾಯಿ ಮಗುವನ್ನು ಹೆಗಲಿಗೊರಗಿಸಿಕೊಂಡು ಕೆಳಗಿಳಿದು ಬಂದು, ಪ್ರಯಾಣದ ವಿಚಾರವಾಗಿ ಅದು ಇದು ಕೇಳಿ, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ಆಂಟಿ, ನಾನೇ ಎಲ್ಲೋ ಸರಿಯಾಗಿ ನೋಡ್ಕೊಳ್ತಿಲ್ಲ ಅನ್ಸತ್ತೆ” ಎಂದಳು. ಬಿಟಿಎಂ ಬಡಾವಣೆಯ ಒಂದು ಕಚೇರಿಯಲ್ಲಿ ಹತ್ತಾರು ಮಂದಿಯ ಕೆಲಸವನ್ನು ನಿರ್ವಹಿಸುವ ಹೆಣ್ಣುಮಗಳು ಈ ಒಂದು ಮಾತನ್ನು ಹೇಳುವಾಗ ಮಾತ್ರ ಅಪರಾಧಿಯ ಹಾಗೆ ತಲೆ ತಗ್ಗಿಸಿದ್ದನ್ನು ಕಂಡು, ಕಾಲು ಶತಮಾನಕ್ಕೂ ಹಿಂದೆ ಇದೇ ಮನೆಯಲ್ಲಿ ಇದೇ ಭಾರವನ್ನು ಹೊತ್ತು ಓಡಾಡಿದ ನನ್ನ ದಿನಗಳೆಲ್ಲವೂ ಮನಸ್ಸಿನ ಮುಂದೆ ಬಂದು ನಿಂತವು.

ಅದು 1998ನೆಯ ಇಸವಿ. 1948ರಲ್ಲಿ ರಾಜಗೋಪಾಲಾಚಾರಿಯವರು ಶಂಕುಸ್ಥಾಪನೆ ಮಾಡಿದ ಈ ಬಡಾವಣೆಯಲ್ಲಿ, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನವರು ಕೊಟ್ಟ ನಿವೇಶನದ ಮೇಲೆ ನನ್ನ ಮಾವನವರು ತಮ್ಮ ಉಳಿತಾಯವನ್ನೆಲ್ಲ ಸುರಿದು ಕಟ್ಟಿಸಿದ ಮನೆ ಇದು. ಆಗ ಮಹಡಿ ಇರಲಿಲ್ಲ. ಮುಂದೊಂದು ಜಗಲಿ, ಹಿತ್ತಲಲ್ಲೊಂದು ತೆಂಗು, ಸಂಪಿಗೆ. ಎರಡು ಸಾವಿರದ ಇಸವಿ ಬರುವಷ್ಟರಲ್ಲಿ ಜಗತ್ತಿನ ಗಣಕಯಂತ್ರಗಳ ದಿನಾಂಕಗಳನ್ನೆಲ್ಲ ತಿದ್ದಿ ಮುಗಿಸಬೇಕೆಂಬ ಅವಸರದಲ್ಲಿ ಬೆಂಗಳೂರಿನಿಂದ ಅಮೆರಿಕೆಗೆ ಹೊರಟ ಅಸಂಖ್ಯಾತ ಯುವಕರಲ್ಲಿ ನನ್ನ ಪತಿಯೂ ಒಬ್ಬರಾಗಿ ನ್ಯೂಜೆರ್ಸಿಯಲ್ಲಿ ನೆಲೆಸಿದ್ದರು. ನಮ್ಮ ಮಗುವಿಗೆ ಎರಡು ವರ್ಷ ತುಂಬುವುದರೊಳಗಾಗಿ ಅದನ್ನು ಕರೆದುಕೊಂಡು ನಾನು ಅಲ್ಲಿಗೆ ಹೋಗುವುದೆಂದು ನಿಶ್ಚಯವಾಗಿತ್ತು, ಏಕೆಂದರೆ ಎರಡು ತುಂಬದ ಕೂಸಿಗೆ ಮಡಿಲಲ್ಲಿ ಕುಳಿತು ಹೋಗುವ ಅಗ್ಗದ ಟಿಕೆಟ್ಟು ಸಾಕು, ತುಂಬಿತೆಂದರೆ ಪ್ರತ್ಯೇಕ ಆಸನವನ್ನೇ ಕೊಳ್ಳಬೇಕು. ಎಲ್ಲವೂ ಸಿದ್ಧವಾಗಿದ್ದ ಆ ಹೊತ್ತಿನಲ್ಲಿ ಅಸಿದ್ಧವಾಗಿದ್ದದ್ದು ಮಗುವಿನ ಕಿವಿಯೊಂದೇ.

ಕಿವಿನೋವಿನ ರಾತ್ರಿಗಳು ಹೇಗಿದ್ದುವೆಂಬುದನ್ನು ಕಂಡವರೇ ಬಲ್ಲರು. ಸಂಜೆಯವರೆಗೆ ಆಡಿಕೊಂಡಿದ್ದ ಮಗು ಮಲಗಿಸಿದೊಡನೆ ಚೀರಿ ಏಳುವುದು; ಎತ್ತಿಕೊಂಡು ನಿಂತರೆ ಕೊಂಚ ಶಮನ, ಮಲಗಿಸಿದರೆ ಪುನಃ ಅದೇ ಚೀತ್ಕಾರ; ಕಿವಿಯನ್ನು ಹಿಡಿದೆಳೆದುಕೊಳ್ಳುವ ಆ ಪುಟ್ಟ ಮುಷ್ಟಿ. ಅತ್ತೆಯವರು ಎದ್ದು ಬಂದು ಸೌಟಿನಲ್ಲಿ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿಯ ಎಸಳು ಹಾಕಿ ಬೆಚ್ಚಗೆ ಮಾಡುವರು. ಉಪ್ಪನ್ನು ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ತಮ್ಮ ಮೊಣಕೈಗೆ ಮುಟ್ಟಿಸಿ ಬಿಸಿಯ ಹದ ನೋಡಿಕೊಂಡು ಮಗುವಿನ ಕಿವಿಯ ಹಿಂದೆ ಒತ್ತುವರು. ಸಾಂಬ್ರಾಣಿಯ ಹೊಗೆ ಹಾಕುವರು. ಆಮೇಲೆ ಅದನ್ನು ಹೆಗಲಿಗೆ ಹಾಕಿಕೊಂಡು, ನಡುಮನೆಯಿಂದ ಜಗಲಿಗೆ, ಜಗಲಿಯಿಂದ ನಡುಮನೆಗೆ, ಹಾಲಿನವನ ಗಂಟೆ ಕೇಳುವವರೆಗೂ ನಡೆದಾಡುವರು. ಮಂಡಿನೋವಿನ ವೃದ್ಧೆ ಹಾಗೆ ನಡೆದದ್ದನ್ನು ನಾನು ಎಂದೆಂದಿಗೂ ಮರೆಯಲಾರೆ.

ಆದರೆ ಬೆಳಗಾದೊಡನೆ ಮಾತು ಆರಂಭವಾಗುತ್ತಿತ್ತು. “ನಿನ್ನೆ ಕುಲಾವಿ ಇಲ್ಲದೆ ಹೊರಗೆ ಕರ್ಕೊಂಡು ಹೋದ್ಯಲ್ಲ, ಅದಕ್ಕೇ.” “ತಲೆಗೆ ನೀರು ಹಾಕಿ ಸರಿಯಾಗಿ ಒರೆಸಲಿಲ್ಲ.” “ಬಾಳೆಹಣ್ಣು ಕೊಡಬೇಡ ಅಂತ ಎಷ್ಟು ಸಲ ಹೇಳಲಿ?” ಫ್ಯಾನು, ಮೊಸರು, ನೆಲದ ತಂಪು, ಲಾಲ್‌ಬಾಗಿನ ಗಾಳಿ, ಇವೆಲ್ಲವೂ ಸರದಿಯಂತೆ ಕಾರಣಗಳಾಗಿ, ಆ ಕಾರಣಗಳೆಲ್ಲಕ್ಕೂ ಮೂಲ ನಾನಾಗಿ, ಮನೆಗೆ ಬಂದ ನೆಂಟರಿಷ್ಟರ ಮುಂದೆಯೂ ಅದೇ ವಿಚಾರಣೆ ನಡೆಯುತ್ತಿತ್ತು. ಅತ್ತೆಯವರ ಮಾತಿನಲ್ಲಿ ದ್ವೇಷವಿರಲಿಲ್ಲ; ಮಗುವಿಗೆ ನೋವಾಯಿತೆಂದರೆ ಯಾರೋ ಒಬ್ಬರು ಎಚ್ಚರ ತಪ್ಪಿರಲೇಬೇಕು, ಆ ಒಬ್ಬರು ಹೆತ್ತವಳಲ್ಲದೆ ಮತ್ತಾರೂ ಆಗಿರಲಾರರು ಎಂಬ ಬಲವಾದ ನಂಬಿಕೆಯಿತ್ತು. ಕೇಳಿ ಕೇಳಿ ನಾನೂ ಅದನ್ನು ನಂಬಿದೆ. ಕಿವಿಗೆ ಹತ್ತಿ, ಹತ್ತಿಯ ಮೇಲೆ ಕುಲಾವಿ, ಕುಲಾವಿಯ ಮೇಲೆ ಶಾಲು ಹೊದಿಸಿ, ಬೇಸಗೆಯ ಮಧ್ಯಾಹ್ನದಲ್ಲೂ ಮಗುವನ್ನು ಬೆವರಿಸುತ್ತಿದ್ದೆ. ಆದರೂ ಕಿವಿ ಸೋರುತ್ತಲೇ ಇತ್ತು.

ಈ ಕತ್ತಲೆಯಿಂದ ನನ್ನನ್ನು ಹೊರತಂದವರು ನಮ್ಮ ಬಡಾವಣೆಯ ಒಬ್ಬ ವೃದ್ಧ ಮಕ್ಕಳ ವೈದ್ಯರು. ಪ್ರಯಾಣಕ್ಕೆ ಕೆಲವು ವಾರಗಳಿರುವಾಗ ಮಗುವನ್ನು ಕರೆದೊಯ್ದೆವು. ಅವರು ದೀಪವಿರುವ ಪುಟ್ಟ ಉಪಕರಣವನ್ನು ಕಿವಿಗಿಟ್ಟು ಸಾವಕಾಶವಾಗಿ ನೋಡಿ, ಔಷಧಿಯ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಎರಡು ಗೆರೆಗಳನ್ನು ಎಳೆದರು. ಮೂಗಿನ ಹಿಂಭಾಗದಿಂದ ನಡುಕಿವಿಗೆ ಹೋಗುವ ಒಂದು ಸಣ್ಣ ನಾಳವುಂಟೆಂದೂ, 16ನೆಯ ಶತಮಾನದಲ್ಲಿ ಅದನ್ನು ವಿವರಿಸಿದ ಇಟಲಿಯ ಅಂಗರಚನಾಶಾಸ್ತ್ರಜ್ಞ ಯುಸ್ಟಾಕಿಯ ಹೆಸರೇ ಅದಕ್ಕಿದೆಯೆಂದೂ ತಿಳಿಸಿದರು. ಬೆಳೆದವರಲ್ಲಿ ಈ ನಾಳ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದವಿದ್ದು ಓರೆಯಾಗಿ ಇಳಿಯುತ್ತದೆ. ಹಸುಗೂಸಿನಲ್ಲಾದರೋ ಅದರ ಅರ್ಧದಷ್ಟೇ ಉದ್ದ, ಮಟ್ಟಸವಾಗಿ ಮಲಗಿರುತ್ತದೆ. “ತಾರಸಿಯ ನೀರಿನ ಪೈಪಿಗೆ ಇಳಿಜಾರು ಕೊಡದೆ ಕೂರಿಸಿದರೆ ಏನಾಗತ್ತೆ ಹೇಳಿ? ನೀರು ನಿಲ್ಲತ್ತೆ. ಇಲ್ಲೂ ಅಷ್ಟೇ. ನೆಗಡಿಯಾದಾಗ ನಾಳ ಊದಿಕೊಂಡು ಮುಚ್ಚಿಕೊಳ್ಳತ್ತೆ, ಒಳಗೆ ದ್ರವ ನಿಲ್ಲತ್ತೆ, ಕೀವಾಗತ್ತೆ. ಆರೇಳು ವರ್ಷದ ಹೊತ್ತಿಗೆ ಮುಖದ ಮೂಳೆ ಬೆಳೆದು ನಾಳ ಓರೆಯಾದರೆ ತಾನಾಗಿ ಕಡಿಮೆಯಾಗತ್ತೆ. ಗಾಳಿ ಹೊರಗಿನ ಕಿವಿಯಿಂದ ಹೋಗಿ ಇದು ಬರೋದಲ್ಲಮ್ಮಾ. ಎಣ್ಣೆ ಮಾತ್ರ ಹಾಕಬೇಡಿ, ಕಿವಿಯ ತಮಟೆ ತೂತಾಗಿದ್ದರೆ ಅದು ಒಳಕ್ಕೇ ಹೋಗತ್ತೆ. ಮಗುವನ್ನು ನೆಟ್ಟಗೆ ಎತ್ತಿಕೊಂಡು ಓಡಾಡ್ತೀರಲ್ಲ, ಅದು ಸರಿ. ಹಾಲನ್ನೂ ಮಲಗಿಸಿ ಕುಡಿಸಬೇಡಿ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.”

ಈ ಕಡೆಯ ವಾಕ್ಯವನ್ನು ಅವರು ವಿಶೇಷವಾಗಿ ಒತ್ತಿಯೇನೂ ಹೇಳಲಿಲ್ಲ. ಹೇಳುತ್ತಲೇ ಮುಂದಿನ ಮಗುವನ್ನು ಕರೆದರು. ಆದರೆ ನಾನು ಆ ಚೀಟಿಯನ್ನು ಹಿಡಿದುಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತೆ. ತಪ್ಪಿತಸ್ಥಳಲ್ಲವೆಂಬ ತೀರ್ಪು ಸಿಕ್ಕಿತೆಂಬ ಸಮಾಧಾನಕ್ಕಿಂತಲೂ, ಮಗುವಿನ ಯಾತನೆಗೆ ಒಂದು ಆಕಾರವಿದೆ, ಅಳತೆಯಿದೆ, ಅದು ಒಂದು ದಿನ ಮುಗಿಯುವಂಥದು ಎಂಬ ತಿಳಿವು ಆ ಕಣ್ಣೀರಿನಲ್ಲಿತ್ತು.

ವಿಮಾನದ ವಿಚಾರವನ್ನು ಅವರು ಮುಂದಿನ ಭೇಟಿಯಲ್ಲಿ ತಿಳಿಯಹೇಳಿದರು. ವಿಮಾನ ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯ ಒತ್ತಡದಲ್ಲಿ ಕಾಯ್ದುಕೊಂಡಿರುತ್ತಾರೆ. ಏರುವಾಗ ನಡುಕಿವಿಯ ಗಾಳಿ ಹಿಗ್ಗಿ ನಾಳದ ಮೂಲಕ ಸುಲಭವಾಗಿ ಹೊರಬೀಳುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚುತ್ತ ಬಂದು ಕಿವಿಯ ತಮಟೆಯನ್ನು ಒಳಕ್ಕೆ ದೂಡುತ್ತದೆ, ಮೆತ್ತನೆಯ ನಾಳವಾದರೋ ಒತ್ತಿಕೊಂಡು ಮುಚ್ಚಿ ಗಾಳಿಯನ್ನು ಒಳಕ್ಕೆ ಬಿಡಲೊಲ್ಲದು. ನುಂಗಿದಾಗ, ಆಕಳಿಸಿದಾಗ ಮಾತ್ರ ಅದು ಕ್ಷಣಕಾಲ ತೆರೆದುಕೊಳ್ಳುತ್ತದೆ. ಆದಕಾರಣ ನೆಲ ಮುಟ್ಟುವುದಕ್ಕೆ ಅರ್ಧ ಗಂಟೆ ಇರುವಾಗಲೇ ಮಗುವನ್ನು ಎಬ್ಬಿಸಬೇಕು, ಗುಟುಕು ಗುಟುಕಾಗಿ ಏನನ್ನಾದರೂ ಕುಡಿಸುತ್ತಿರಬೇಕು. ನಿದ್ರೆಯಲ್ಲಿ ನುಂಗುವುದು ವಿರಳ. ನೋವಿನ ಔಷಧಿಯನ್ನು ಅದಕ್ಕೂ ಮುಂಚೆ ಕೊಟ್ಟಿರಬೇಕು, ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿ ಹಾಕಬೇಕು. ಆಶ್ಚರ್ಯದ ಸಂಗತಿಯೆಂದರೆ, ನಡುಕಿವಿಯಲ್ಲಿ ಪೂರ್ತಿ ದ್ರವವೇ ತುಂಬಿದ್ದರೆ ನೋವು ಕಡಿಮೆ, ಏಕೆಂದರೆ ಹಿಗ್ಗಿ ಕುಗ್ಗಲು ಅಲ್ಲಿ ಗಾಳಿಯೇ ಇರುವುದಿಲ್ಲ. ತಮಟೆಯಲ್ಲಿ ಗ್ರೊಮೆಟ್ ಎಂಬ ಸಣ್ಣ ಕೊಳವೆಯನ್ನು ಕೂರಿಸಿದ ಮಕ್ಕಳಿಗೂ ತೊಂದರೆಯಿಲ್ಲ. ಕಷ್ಟವೆಲ್ಲ ನನ್ನ ಮಗುವಿನಂತೆ ಅರ್ಧ ಗಾಳಿ ಅರ್ಧ ದ್ರವವಿರುವ, ನೆಗಡಿ ಇನ್ನೂ ಮಾಗದ ಕಿವಿಗಳದ್ದೇ.

ಆ ಕಾಲದಲ್ಲಿ ಅಮೆರಿಕೆಗೆ ಹೋಗುವ ನಾವು ಮೊದಲು ಮುಂಬಯಿಗೆ, ಅಲ್ಲಿಂದ ಯೂರೋಪಿನ ಯಾವುದಾದರೊಂದು ನಗರಕ್ಕೆ, ಅಲ್ಲಿಂದ ಅಟ್ಲಾಂಟಿಕ್ ಸಾಗರದಾಚೆಗೆ ಹೋಗಬೇಕಾಗಿತ್ತು. ಎಂದರೆ ಮಗುವಿನ ಕಿವಿ ಇಳಿತದ ಪರೀಕ್ಷೆಯನ್ನು ಪ್ರತಿ ನಿಲ್ದಾಣದಲ್ಲಿಯೂ ಎದುರಿಸಬೇಕು. ಬೆಂಗಳೂರೋ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿರುವ ಊರು. ಎತ್ತರದ ಆಕಾಶದಿಂದ ಇಲ್ಲಿಗೆ ಇಳಿದಾಗ ಕಿವಿ ಸಹಿಸಬೇಕಾದ ಒತ್ತಡದ ವ್ಯತ್ಯಾಸವು, ಕಡಲತೀರದ ಮುಂಬಯಿಗೋ ನ್ಯೂಯಾರ್ಕಿಗೋ ಇಳಿದಾಗಿನ ವ್ಯತ್ಯಾಸದ ಮೂರರಲ್ಲಿ ಎರಡು ಪಾಲನ್ನೂ ಮೀರದು. ಈ ನೆಲದ ಎತ್ತರವೇ ನಮ್ಮ ಮಕ್ಕಳಿಗೆ ಮಾಡುವ ಈ ಉಪಕಾರವನ್ನು ನಾನು ಅರಿತದ್ದು ಹಿಂತಿರುಗಿ ಬಂದಾಗ.

ಹೊರಡುವ ಮುನ್ನ ಅತ್ತೆಯವರು ಮಂಗಳವಾರ ರಾಹುಕಾಲದಲ್ಲಿ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ, ಅಲ್ಲಿಯ ಕುಂಕುಮವನ್ನು ಪೊಟ್ಟಣ ಕಟ್ಟಿ ನನ್ನ ಕೈಚೀಲದಲ್ಲಿಟ್ಟರು. ಅದೇ ಚೀಲದಲ್ಲಿ ಗುಲಾಬಿ ಬಣ್ಣದ ಔಷಧಿಯ ಪುಡಿಯ ಸೀಸೆ, ಅದಕ್ಕೆ ಬೆರೆಸಲು ಕಾಯಿಸಿ ಆರಿಸಿದ ನೀರು, ಮೂಗಿನ ಹನಿ, ಹುರಿಹಿಟ್ಟು, ಎರಡು ಕುಲಾವಿಗಳು. ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣ ಆಗ ಮನೆಯಿಂದ ಒಂದು ಆಟೋರಿಕ್ಷಾದ ದೂರ. ಮನೆಮಂದಿಯೆಲ್ಲ ಬಂದು ಕೈಬೀಸಿ ಬೀಳ್ಕೊಡುವಂಥ ಆಪ್ತ ಸ್ಥಳ. 2008ರ ಮೇ ತಿಂಗಳಲ್ಲಿ ನಿಗದಿತ ಪ್ರಯಾಣಿಕ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದ ಮೇಲೆ, ದಕ್ಷಿಣ ಬೆಂಗಳೂರಿನವರಿಗೆ ಊರನ್ನೇ ದಾಟಿ ಹೋಗುವ ಇನ್ನೊಂದು ಪ್ರಯಾಣ ಮೊದಲು ಮುಗಿಯಬೇಕು.

ಮುಂಬಯಿಯ ಇಳಿತದಲ್ಲಿ ಮಗು ಗಾಢನಿದ್ರೆಯಲ್ಲಿತ್ತು. ವೈದ್ಯರ ಮಾತಿನಂತೆ ನಾನು ಎಬ್ಬಿಸತೊಡಗಿದಾಗ ಪಕ್ಕದ ಆಸನದ ಹಿರಿಯರು, “ಮಲಗಿರೋ ಮಗೂನ ಯಾಕಮ್ಮ ಎಬ್ಬಿಸ್ತೀರಿ?” ಎಂದು ಬೇಸರಪಟ್ಟರು. ಎಬ್ಬಿಸಿದೆ; ಅದು ಮುಲುಗುತ್ತ ಹಾಲು ಕುಡಿಯಿತು; ನೋವಿಲ್ಲದೆ ನೆಲ ಮುಟ್ಟಿದೆವು. ಆದರೆ ನಡುರಾತ್ರಿಯ ಕಾಯುವಿಕೆ, ಶೀತಲವಾದ ಒಣಗಾಳಿ, ಹೊಸ ನೆಗಡಿ ಇವೆಲ್ಲವೂ ಕೂಡಿ, ನ್ಯೂಯಾರ್ಕಿಗೆ ಇಳಿಯುವ ಹೊತ್ತಿಗೆ ಮಗು ಬಟ್ಟಲನ್ನೂ ಸೀಸೆಯನ್ನೂ ತಳ್ಳಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಎರಡು ಕಿವಿಗಳನ್ನೂ ಹಿಡಿದುಕೊಂಡು ಅಳತೊಡಗಿತು. ವಿಮಾನವೆಲ್ಲ ತಿರುಗಿ ನೋಡಿತು. ಮಗುವನ್ನು ಸುಮ್ಮನಿರಿಸಲು ಆಗುವುದಿಲ್ಲವೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಒಂದು ತಿಂಗಳ ಹಿಂದಾಗಿದ್ದರೆ ನಾನು ನಾಚಿಕೆಯಿಂದ ಕುಗ್ಗಿ, ಮಗುವಿನ ಬಾಯನ್ನು ಸೆರಗಿನಿಂದ ಮುಚ್ಚಲು ಹೋಗುತ್ತಿದ್ದೆನೇನೋ. ಈಗ ತಿರುಗಿ, “ಇವನಿಗೆ ಕಿವಿಯಲ್ಲಿ ನೋವಿದೆ” ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಅಷ್ಟು ಹೇಳಿದ್ದೇ ಸಾಕಾಯಿತು. ಆ ದನಿ ಅಡಗಿತು. ಮುಂದಿನ ಸಾಲಿನ ಒಬ್ಬ ವೃದ್ಧೆ ತನ್ನ ಹಣ್ಣಿನ ರಸಕ್ಕೆ ಹೀರುಕೊಳವೆ ಹಾಕಿ ಹಿಂದಕ್ಕೆ ನೀಡಿದಳು. ಮಗು ಬಿಕ್ಕುತ್ತಲೇ ಅದನ್ನು ಹೀರಿತು. ಕಾರಣ ತಿಳಿಯದವರೆಗೆ ಉಪದ್ರವವಾಗಿದ್ದ ಅಳು, ಕಾರಣ ತಿಳಿದೊಡನೆ ಅವರೆಲ್ಲರಿಗೂ ನೋವಾಗಿ ಕೇಳಿಸಿತು.

ಆ ರಾತ್ರಿ ಎಡಗಿವಿ ಸೋರಿತು. ಸೋರಿದೊಡನೆ ನೋವೂ ಇಳಿಯಿತು. ತಮಟೆಯಲ್ಲಾದ ಸಣ್ಣ ರಂಧ್ರ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆಂದು ಅಲ್ಲಿಯ ವೈದ್ಯೆಯೂ ಹೇಳಿದಳು, ಹಾಗೆಯೇ ಆಯಿತು. ಊರಿಗೆ ದೂರವಾಣಿ ಮಾಡಿದಾಗ ಅತ್ತೆಯವರ ಮೊದಲ ಪ್ರಶ್ನೆ, “ಕುಲಾವಿ ಹಾಕಿರಲಿಲ್ವಾ?” ಎಂದು. ಸಾಗರಗಳನ್ನು ದಾಟಿ ಬಂದ ಆ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ನಾವು ಜಯನಗರಕ್ಕೇ ಹಿಂದಿರುಗಿದೆವು. ಮಗನನ್ನು ಹತ್ತಿರದ ಒಂದು ಶಾಲೆಗೆ ಸೇರಿಸಿದ ಕೆಲವೇ ತಿಂಗಳಲ್ಲಿ ಅಲ್ಲಿಂದ ದೂರು ಬಂತು: ಹುಡುಗನಿಗೆ ಗಮನವಿಲ್ಲ, ಕರೆದರೆ ಓಗೊಡುವುದಿಲ್ಲ, ಹಟಮಾರಿ. ಮನೆಯಲ್ಲಿಯೂ ಅವನು ಪ್ರತಿ ಮಾತಿಗೆ “ಆಂ?” ಎನ್ನುತ್ತಿದ್ದ, ಟಿವಿಯ ಮುಂದೆ ತೀರ ಹತ್ತಿರ ಕೂರುತ್ತಿದ್ದ. ಹಿಂದೆ ತಾಯಿಯ ಮೇಲಿದ್ದ ಆಪಾದನೆ ಈಗ ಮಗುವಿನ ಮೇಲೆಯೇ ಬಂದು ನಿಂತಿತ್ತು. ಆ ಹಳೆಯ ಪೆನ್ಸಿಲ್ ಗೆರೆಗಳು ನನಗೆ ನೆನಪಿದ್ದುದರಿಂದ, ಗದರಿಸುವುದನ್ನು ಬಿಟ್ಟು ಅವನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದೊಯ್ದೆ. 1965ರಲ್ಲಿ ಸ್ಥಾಪನೆಯಾದಂದಿನಿಂದ ಕೇಳಿಸದ ಮಕ್ಕಳಿಗೂ ಮಾತು ಬಾರದ ಮಕ್ಕಳಿಗೂ ಆಸರೆಯಾಗಿರುವ ಆ ಸಂಸ್ಥೆಯಲ್ಲಿ, ಸದ್ದು ಹೊಗದ ಕೋಣೆಯೊಂದರಲ್ಲಿ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕುಳಿತ ನನ್ನ ಮಗ, ಶಬ್ದ ಕೇಳಿದಾಗಲೆಲ್ಲ ಒಂದು ಮರದ ತುಂಡನ್ನು ಡಬ್ಬಿಗೆ ಹಾಕಬೇಕಾಗಿತ್ತು. ಗಾಜಿನ ಈಚೆಯಿಂದ ನೋಡುತ್ತಿದ್ದೆವು. ತುಂಡನ್ನು ಕೆನ್ನೆಗೆ ಒತ್ತಿಕೊಂಡು, ಕಣ್ಣು ಅಗಲಿಸಿ, ಅವನು ಸಂಪೂರ್ಣ ಗಮನದಿಂದ ಕಾಯುತ್ತಿದ್ದ. ಸದ್ದು ಅವನನ್ನು ತಲಪುತ್ತಿರಲಿಲ್ಲ, ಅಷ್ಟೆ. ನಡುಕಿವಿಯಲ್ಲಿ ನಿಂತ ಅಂಟುದ್ರವದಿಂದಾದ ತಾತ್ಕಾಲಿಕ ಮಂದಶ್ರವಣವೆಂದು ಹೇಳಿದರು. ಚಿಕಿತ್ಸೆಯಿಂದಲೂ ಕಾಲಕ್ರಮದಿಂದಲೂ ಅದು ಪೂರ್ತಿ ಗುಣವಾಯಿತು.

ಅಂದು ಅತ್ತೆಯವರೂ ನಮ್ಮೊಡನೆ ಬಂದಿದ್ದರು. ಹಿಂದಿರುಗುವ ಸಂಜೆಯ ರೈಲಿನಲ್ಲಿ, ಮಗು ಮಡಿಲಲ್ಲಿ ಮಲಗಿದ ಮೇಲೆ, ಮಂಡ್ಯ ದಾಟುವವರೆಗೂ ಮೌನವಾಗಿದ್ದು, ಆಮೇಲೆ ಮೆಲ್ಲನೆ ಹೇಳಿದರು: “ನನ್ನ ದೊಡ್ಡ ಮಗನಿಗೂ ಹೀಗೇ ಕಿವಿ ಸೋರುತ್ತಿತ್ತು. ನಮ್ಮ ಅತ್ತೆ ನನ್ನನ್ನೇ ಅನ್ನೋರು, ಹಸಿ ಬಾಣಂತೀಲಿ ತಲೆ ಒದ್ದೆ ಮಾಡ್ಕೊಂಡೆ ಅಂತ. ಅವನು ಕರೆದರೆ ತಿರುಗ್ತಿರಲಿಲ್ಲ, ಗರ್ವಿ ಅಂತ ಅವರಪ್ಪ ಹೊಡೆಯೋರು. ಅವನಿಗೆ ಒಂದು ಕಿವಿ ಕೇಳಿಸ್ತಿಲ್ಲ ಅಂತ ಗೊತ್ತಾದದ್ದು ಹೈಸ್ಕೂಲಿಗೆ ಹೋದ ಮೇಲೆ.” ಊರಿನಿಂದ ಬಸ್ಸಿನಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಒಮ್ಮೆ ಎತ್ತಿಕೊಂಡು ಬಂದಿದ್ದರಂತೆ, ಮತ್ತೆ ಬರಲು ಬಿಡುವೂ ಇಲ್ಲ, ಕಳಿಸುವವರೂ ಇಲ್ಲ. ನನ್ನ ಭಾವನವರು ಯಾವಾಗಲೂ ಬಲಭಾಗಕ್ಕೆ ಬಂದು ಕೂರುವುದನ್ನು, ಮಾತು ಕಡಿಮೆಯಿರುವುದನ್ನು ನಾನು ಬಿಗುಮಾನವೆಂದೇ ಭಾವಿಸಿದ್ದವಳು. ಅತ್ತೆಯವರು ನನಗೆ ಹೊರಿಸಿದ್ದ ಹೊರೆ ಅವರು ಸ್ವತಃ ಮೂವತ್ತು ನಲವತ್ತು ವರ್ಷ ಹೊತ್ತದ್ದೇ ಆಗಿತ್ತು; ಅದನ್ನು ಇಳಿಸಿಕೊಳ್ಳುವುದಕ್ಕೆ ಆ ಪುಣ್ಯಾತ್ಗಿತ್ತಿಗೆ ಯಾರೊಬ್ಬರೂ ಒಂದು ಚೀಟಿಯ ಹಿಂದೆ ಎರಡು ಗೆರೆ ಎಳೆದು ತೋರಿಸಿರಲಿಲ್ಲ.

ಅಂದಿನಿಂದ ನಾನು ಆಕೆಯನ್ನು ಅಳೆಯುವ ರೀತಿಯೇ ಬದಲಾಯಿತು. ಆಕೆಯ ಬೆಳ್ಳುಳ್ಳಿ ಎಣ್ಣೆ ಅಪಾಯದ್ದೇ, ಅದರಲ್ಲಿ ಸಂದೇಹವಿಲ್ಲ. ಬೆಳಗಿನ ಮಾತುಗಳು ನನ್ನನ್ನು ಗಾಯಗೊಳಿಸಿದ್ದೂ ನಿಜ, ಪ್ರೀತಿಯ ಹೆಸರಿನಲ್ಲಿ ಅದನ್ನು ನಾನು ಮರೆಮಾಚಲಾರೆ. ಆದರೆ ರಾತ್ರಿಯ ಆ ಹೆಗಲು, ಮಗುವನ್ನು ನೆಟ್ಟಗೆ ಹಿಡಿದು ನಡೆದ ಆ ನಡಿಗೆ, ಶಾಸ್ತ್ರ ತಿಳಿದವರೂ ಮೆಚ್ಚುವ ಶುಶ್ರೂಷೆಯೇ ಆಗಿತ್ತು. ಒಬ್ಬರ ಕೈ ಮಾಡಿದ ಒಳ್ಳೆಯದನ್ನೂ ನಾಲಗೆ ಮಾಡಿದ ಕೆಡುಕನ್ನೂ ಒಂದರಿಂದೊಂದು ಕಳೆಯದೆ, ಎರಡನ್ನೂ ಪೂರ್ತಿಯಾಗಿ ನೆನೆಯುವುದೇ ನ್ಯಾಯವೆಂದು ನನಗೆ ತೋರುತ್ತದೆ.

ಈಗ ಕಾಲ ಎಷ್ಟೋ ಸುಧಾರಿಸಿದೆ. ಕಿವಿಯ ಸೋಂಕಿನ ಪ್ರಮುಖ ಕಾರಣಗಳಲ್ಲೊಂದಾದ ನ್ಯೂಮೊಕಾಕಸ್ ಎಂಬ ರೋಗಾಣುವಿನ ವಿರುದ್ಧದ ಲಸಿಕೆ, ನನ್ನ ಮಗನ ಶೈಶವದಲ್ಲಿ ಇಲ್ಲದೇ ಇದ್ದದ್ದು, 2017ರಲ್ಲಿ ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವನ್ನು ಪ್ರವೇಶಿಸಿ 2021ರಲ್ಲಿ ದೇಶವ್ಯಾಪಿಯಾಯಿತು. ಬೆಂಗಳೂರಿನಿಂದಲೇ ನೇರವಾಗಿ ಯೂರೋಪಿಗೆ ಹಾರಬಹುದಾದ್ದರಿಂದ ಒಂದು ಇಳಿತವಾದರೂ ತಪ್ಪಿತು. ಭದ್ರತಾ ತಪಾಸಣೆಯಲ್ಲಿ ದ್ರವಪದಾರ್ಥಗಳಿಗೆ ಮಿತಿಯಿದ್ದರೂ ಮಗುವಿನ ಹಾಲಿಗೂ ಔಷಧಿಗೂ ವಿನಾಯಿತಿಯಿದೆ. ಕಾರಣಗಳ ಜ್ಞಾನವಂತೂ ಅಂಗೈಯಲ್ಲಿಯೇ ಇದೆ. ಆದರೂ ಮಹಡಿಯ ಆ ಹೆಣ್ಣುಮಗಳು ನನ್ನಷ್ಟೇ ಬಳಲುತ್ತಿದ್ದಾಳೆ. ಅವಳನ್ನು ಆಡಿಕೊಳ್ಳುವ ಅತ್ತೆ ಮನೆಯಲ್ಲಿಲ್ಲ. ಆಡಿಕೊಳ್ಳುವ ಕೆಲಸವನ್ನು ಅವಳ ಮನಸ್ಸೇ ವಹಿಸಿಕೊಂಡಿದೆ. ನಾಳದ ಉದ್ದ, ಕೋನ, ಒತ್ತಡಗಳೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. “ನಿನ್ನ ತಪ್ಪಿಲ್ಲ” ಎಂದು ಎದುರು ಕುಳಿತು ಹೇಳುವ ಒಬ್ಬ ಮನುಷ್ಯ ಮಾತ್ರ ಸಿಕ್ಕಿರಲಿಲ್ಲ. ಜ್ಞಾನ ಪುಸ್ತಕದಲ್ಲಿದ್ದ ಮಾತ್ರಕ್ಕೆ ಯಾರ ಹೊರೆಯನ್ನೂ ಇಳಿಸುವುದಿಲ್ಲ. ಬಲ್ಲವರೊಬ್ಬರು ಅದನ್ನು ಬಳಲಿದವರ ಕೈಗೆ ತಂದುಕೊಡಬೇಕು.

ಆದ್ದರಿಂದ ಹಿರಿಯರಾದ ನಮ್ಮಲ್ಲಿ, ಶಿಕ್ಷಕರಲ್ಲಿ, ವಿಮಾನದಲ್ಲಿ ಪಕ್ಕದ ಆಸನಕ್ಕೆ ಬಂದು ಕೂರುವ ಅಪರಿಚಿತರಲ್ಲಿ ನನ್ನದೊಂದು ಬಿನ್ನಹ. ಮಗು ಅಳುತ್ತಿದ್ದರೆ ತಾಯಿ ಏನು ಮಾಡುತ್ತಿದ್ದಾಳೆಂದು ಕೇಳುವ ಮುನ್ನ ಮಗುವಿಗೆ ಎಲ್ಲಿ ನೋಯುತ್ತಿದೆಯೆಂದು ಕೇಳೋಣ. ಮಗು ಕರೆದರೆ ತಿರುಗದಿದ್ದರೆ ಅದರ ಸ್ವಭಾವವನ್ನು ನಿರ್ಣಯಿಸುವ ಮುನ್ನ ಅದರ ಕಿವಿಯನ್ನು ಪರೀಕ್ಷಿಸೋಣ. ಪ್ರಯಾಣಕ್ಕೆ ಮುಂಚೆ ಕಿವಿ ಮಾಗಿದೆಯೆ ಎಂದು ವೈದ್ಯರಿಗೆ ತೋರಿಸಿ, ಅವರು ಬೇಡವೆಂದರೆ ಟಿಕೆಟ್ಟಿನ ಹಣ ಹೋದರೂ ಚಿಂತೆಯಿಲ್ಲವೆಂದು ಮನೆಯವರೆಲ್ಲ ಒಟ್ಟಾಗಿ ತೀರ್ಮಾನಿಸುವಂತಾಗಲಿ. ಆ ತೀರ್ಮಾನವನ್ನು ತಾಯಿಯೊಬ್ಬಳ ತಲೆಯ ಮೇಲೆ ಬಿಡುವುದು ಬೇಡ. ಮಕ್ಕಳ ಕಿವಿಯ ನಾಳ ಆರೇಳು ವರ್ಷಗಳಲ್ಲಿ ತಾನೇ ಸರಿಹೋಗುತ್ತದೆ. ಮೂರು ತಲೆಮಾರುಗಳಿಂದ ತಾಯಂದಿರ ಮೇಲೆ ಬರುತ್ತಿರುವ ಮಾತು ಹಾಗೆ ತಾನಾಗಿ ನಿಲ್ಲುವಂಥದಲ್ಲ; ಅದನ್ನು ನಾವೇ ನಿಲ್ಲಿಸಬೇಕು.